ದೊಡ್ಡಪ್ಪನ ಕೋಟಿಗೆ ಬಂದ ಒಂದೇ ಪದದ ಉತ್ತರ

(ನಮ್ಮ ಮನೆಯವರ ವಾಟ್ಸಾಪ್ ಗುಂಪಿನಿಂದ. ದೊಡ್ಡಪ್ಪ ಹೊಸ ಕೋಟು ಹಾಕಿಕೊಂಡ ಫೋಟೊ ಕಳಿಸಿದ್ದರು. ಅದರ ಕೆಳಗೆ ನಮ್ಮ ಪುಟ್ಟ ‘ಡ್ಯೂಡ್’ ಅಂತ ಬರೆದ, ಹುಡುಗರು ಗೆಳೆಯರನ್ನು ಕರೆಯುವ ಇಂಗ್ಲಿಷ್ ಪದ. ಅಷ್ಟೇ. ಒಂದು ಗಂಟೆ ಗುಂಪಿನಲ್ಲಿ ಸದ್ದಿಲ್ಲ. ಆಮೇಲೆ ಇದು ಬಂತು.)

ದೊಡ್ಡಪ್ಪ: [ಹಲವು ಸಲ ಫಾರ್ವರ್ಡ್ ಆಗಿದೆ] ಪೋಷಕರೇ ಎಚ್ಚರ!! ‘ಡ್ಯೂಡ್’ ಎಂದರೆ ಆನೆಯ ಹಿಂಭಾಗದ ಕೀವು ತುಂಬಿದ ಕೂದಲು! ನಿಮ್ಮ ಮಕ್ಕಳು ಹಿರಿಯರನ್ನು ಹೀಗೆ ಕರೆಯುತ್ತಿದ್ದಾರೆಯೇ? ಎಲ್ಲರಿಗೂ ತಿಳಿಸಿ 🙏🙏

ದೊಡ್ಡಪ್ಪ: ಇದಕ್ಕೇನು ಹೇಳುತ್ತೀಯ ಪುಟ್ಟ?

ಪುಟ್ಟ: ಅಯ್ಯೋ ದೊಡ್ಡಪ್ಪ! ಕೋಟು ಸೂಪರ್ ಅಂತ ಹೇಳಿದ್ದು ನಾನು!

ದೊಡ್ಡಪ್ಪ: ‘ಕೋಟು ಚೆನ್ನಾಗಿದೆ’ ಅಂತ ಬರೆಯಬಹುದಿತ್ತು. ಎರಡೇ ಪದ.

ಅತ್ತೆ: ಬೆಳಿಗ್ಗೆ ಬೆಳಿಗ್ಗೆ ಏನಣ್ಣ ಇದು, ಆನೆ ಕೂದಲು, ಕೀವು ಅಂತ.

ಚಿಕ್ಕಮ್ಮ: ಭಾವ, ಇದನ್ನು ನಾನು ಕಾಲೇಜಿನಲ್ಲೇ ಕೇಳಿದ್ದೆ. ಆಗ ಆನೆ ಇರಲಿಲ್ಲ, ಒಂಟೆ ಇತ್ತು.

ಅಕ್ಕ: ಆನೆಯೂ ಇಲ್ಲ, ಒಂಟೆಯೂ ಇಲ್ಲ. ಯಾರೋ ಸುಮ್ನೆ ಕಟ್ಟಿದ ಕಥೆ. ಈ ಪದ ಹಬ್ಬಿದ್ದು ನ್ಯೂಯಾರ್ಕಿನಲ್ಲಿ. 1883ರ ಜನವರಿಯಲ್ಲಿ ಅಲ್ಲಿನ ‘ವರ್ಲ್ಡ್’ ಪತ್ರಿಕೆಯಲ್ಲಿ ಡ್ಯೂಡ್‌ಗಳನ್ನು ಗೇಲಿ ಮಾಡುವ ಪದ್ಯವೊಂದು ಬಂತು. ಆ ವರ್ಷವೆಲ್ಲ ಪತ್ರಿಕೆಗಳಿಗೆ ಅದೇ ಹುಚ್ಚು. ಬಿಗಿ ಪ್ಯಾಂಟು ಹಾಕಿಕೊಂಡು, ಇಂಗ್ಲೆಂಡಿನವರ ಧಾಟಿಯಲ್ಲಿ ಮಾತಾಡಲು ನೋಡುವ ಸಿರಿವಂತರ ಮನೆ ಹುಡುಗರನ್ನು ಹಾಗೆ ಕರೆಯುತ್ತಿದ್ದರು.

ನಾನು: ಶೋಕಿಲಾಲ ಅನ್ನು.

ಅಕ್ಕ: ಅದೇ! ಇದಕ್ಕಿಂತ ಸರಿಯಾದ ಕನ್ನಡ ಪದ ಸಿಗಲ್ಲ.

ದೊಡ್ಡಪ್ಪ: ಅಂದರೆ ಬೈಗುಳವೇ ಆಯಿತಲ್ಲ. ಕೋಟು ಹಾಕಿದವನಿಗೆ ಶೋಕಿಲಾಲ ಅಂತ ಉತ್ತರ. ಆನೆ ಕೂದಲೇ ವಾಸಿಯಿತ್ತು.

ಪುಟ್ಟ: ಅಕ್ಕಾ ನೀನು ಯಾರ ಕಡೆ 😭

ಅಕ್ಕ: ಪೂರ್ತಿ ಕೇಳು. ಬ್ಯಾರಿ ಪೋಪಿಕ್, ಜೆರಾಲ್ಡ್ ಕೋಹೆನ್ ಅಂತ ಇಬ್ಬರು ಹಳೇ ಪತ್ರಿಕೆಗಳನ್ನು ಜಾಲಾಡಿದರು. ‘ಯಾಂಕೀ ಡೂಡಲ್’ ಹಾಡಿದೆಯಲ್ಲ, ಅದರ ಡೂಡಲ್‌ನಿಂದಲೇ ಡ್ಯೂಡ್ ಬಂದಿರಬೇಕು ಅನ್ನುವುದು ಅವರ ವಾದ. ಆ ಹಾಡಿನವನು ಟೋಪಿಗೊಂದು ಗರಿ ಸಿಕ್ಕಿಸಿಕೊಂಡು ತಾನೇ ದೊಡ್ಡ ಫ್ಯಾಷನ್‌ಗಾರ ಅಂದುಕೊಳ್ಳುತ್ತಾನೆ. ಮೂಲದಲ್ಲಿ ಅದು ಬ್ರಿಟಿಷರು ಅಮೆರಿಕದವರನ್ನು ಅಣಕಿಸಲು ಹಾಡುತ್ತಿದ್ದದ್ದು. ಅಮೆರಿಕದವರು ಅದನ್ನೇ ಹೆಮ್ಮೆಯಿಂದ ಹಾಡಿಕೊಂಡರು.

ಅತ್ತೆ: ಹಾಗಾದರೆ ಇದು ಅಣಕದ ಮರಿ ಅಣಕ.

ಅಕ್ಕ: ಹೌದು ಅತ್ತೆ. ಆಮೇಲೆ ಪದ ಅಮೆರಿಕದ ಪಶ್ಚಿಮಕ್ಕೆ ಹೋಯಿತು. ಅಲ್ಲಿ ದನ ಕಾಯುವವರ ಬಾಯಲ್ಲಿ ಡ್ಯೂಡ್ ಅಂದರೆ ಕುದುರೆ ಹತ್ತಲು ಬಾರದ ಪಟ್ಟಣದವನು. ಅಂಥವರು ದುಡ್ಡು ಕೊಟ್ಟು ಬಂದು ನಾಲ್ಕು ದಿನ ಕೌಬಾಯ್ ಆಟ ಆಡಿ ಹೋಗುತ್ತಿದ್ದರು. ಆ ಜಾಗಗಳಿಗೆ ‘ಡ್ಯೂಡ್ ರಾಂಚ್’ ಅಂತಲೇ ಹೆಸರು. ಥಿಯೋಡೋರ್ ರೂಸ್‌ವೆಲ್ಟ್ 1883ರಲ್ಲಿ ಮೊದಲ ಸಲ ಡಕೋಟಾಗೆ ಹೋದಾಗ ಅವರೂ ಅಲ್ಲಿಯವರ ಕಣ್ಣಿಗೆ ಡ್ಯೂಡೇ. ಕನ್ನಡಕ ನೋಡಿ ‘ನಾಲ್ಕು ಕಣ್ಣು’ ಅಂತಲೂ ಕರೆದರು.

ದೊಡ್ಡಪ್ಪ: ಮುಂದೆ ಅಧ್ಯಕ್ಷರಾದರಲ್ಲ, ಅವರೇನಾ?

ಅಕ್ಕ: ಅವರೇ.

ದೊಡ್ಡಪ್ಪ: ಹೂಂ.

(ಈ ‘ಹೂಂ’ನಲ್ಲಿ ಸ್ವಲ್ಪ ಸಮಾಧಾನ ಇತ್ತು. ಇವರಿಗೂ ಕನ್ನಡಕ ಇದೆ.)

ಚಿಕ್ಕಮ್ಮ: ಬೈಗುಳ ಹೇಗೆ ಗೆಳೆಯ ಆಯಿತು ಅದನ್ನು ಹೇಳು.

ಅಕ್ಕ: ನಗರಗಳ ಕಪ್ಪು ಜನ, ಮೆಕ್ಸಿಕನ್ ಮೂಲದ ಹುಡುಗರು ಇದನ್ನು ತಮ್ಮತಮ್ಮಲ್ಲೇ ಕರೆದುಕೊಳ್ಳಲು ಶುರು ಮಾಡಿದರು. ಅವರೂ ಒಳ್ಳೆ ಸೂಟು ಹಾಕುವವರೇ. ಅವರಿಂದ ಕ್ಯಾಲಿಫೋರ್ನಿಯಾದ ಸರ್ಫಿಂಗ್ ಹುಡುಗರಿಗೆ. ಅಲ್ಲಿಂದ ಎಲ್ಲರಿಗೂ, ಹುಡುಗಿಯರಿಗೂ. ಬಟ್ಟೆಯ ಅರ್ಥ ದಾರಿಯಲ್ಲೇ ಬಿದ್ದುಹೋಯಿತು.

ನಾನು: ‘ಮಾರಾಯ’ ಹಾಗೇ ಅಲ್ವಾ? ಮಹಾರಾಯ ಅಂತ ಶುರುವಾಗಿದ್ದು. ಈಗ ಬಾಗಿಲು ಹಾಕದೆ ಹೋದವನಿಗೂ ‘ಎಂಥ ಮಾರಾಯ’.

ಚಿಕ್ಕಮ್ಮ: ‘ಗುರು’ ಕೂಡ. ಏನೂ ಕಲಿಸದವನೂ ಗುರು.

ದೊಡ್ಡಪ್ಪ: ಆದರೆ ಯಾರೂ ನಿಜವಾದ ಮೇಷ್ಟರಿಗೆ ‘ಏನ್ ಗುರು’ ಅನ್ನಲ್ಲ. ನನ್ನ ಪ್ರಶ್ನೆ ಅದು. ಪದದ ಅರ್ಥ ಅಲ್ಲ, ಯಾರಿಗೆ ಹೇಳಿದ ಅನ್ನೋದು.

(ಎರಡು ನಿಮಿಷ ಮೌನ. ನಿಜ ಹೇಳಬೇಕೆಂದರೆ ಇಡೀ ಚರ್ಚೆಯಲ್ಲಿ ಗಟ್ಟಿ ಮಾತು ಇದೊಂದೇ ಅಂತ ನನಗನಿಸಿತು.)

ಅಕ್ಕ: ಅದು ಸರಿ ದೊಡ್ಡಪ್ಪ. ಸ್ಕಾಟ್ ಕೀಸ್‌ಲಿಂಗ್ ಅನ್ನುವ ಭಾಷಾ ವಿದ್ವಾಂಸರು 2004ರಲ್ಲಿ ಈ ಒಂದು ಪದದ ಮೇಲೆಯೇ ಪೂರ್ತಿ ಲೇಖನ ಬರೆದರು. ಅವರ ಪ್ರಕಾರ ಡ್ಯೂಡ್ ಅಂದರೆ ಹತ್ತಿರದವನು, ಆದರೆ ಜಾಸ್ತಿ ಅಂಟಿಕೊಳ್ಳದೆ. ಸರಿಸಮಾನರ ನಡುವೆ ಹೆಚ್ಚು ಓಡುತ್ತದೆ. ಮೇಲಿನವರಿಗೆ ಕಡಿಮೆ.

ದೊಡ್ಡಪ್ಪ: ನೋಡಿದೆಯಾ ಪುಟ್ಟ. ಅಮೆರಿಕದಲ್ಲೂ ಅನ್ನಲ್ಲವಂತೆ.

ಪುಟ್ಟ: ಆದರೆ ನಾನು ನಿಮ್ಮನ್ನು ಕರೆಯಲೇ ಇಲ್ಲ ದೊಡ್ಡಪ್ಪ! ಅದು ‘ಅಬ್ಬಾ’ ಅನ್ನೋ ಥರ. ಬರೆದರೆ ಗೊತ್ತಾಗಲ್ಲ. ತಾಳಿ.

ಪುಟ್ಟ: [ಧ್ವನಿ ಸಂದೇಶ, 0:14]

(ಅದರಲ್ಲಿ ಐದು ಡ್ಯೂಡ್ ಇದ್ದವು. ಒಂದು ಎಳೆದದ್ದು, ಅಬ್ಬಾ ಅಂತ. ಒಂದು ಚಿಕ್ಕದು, ಸಾಕು ನಿಲ್ಲಿಸು ಅಂತ. ಒಂದು ಇಳಿದ ದನಿಯಲ್ಲಿ, ಪಾಪ ಅಂತ. ಒಂದು ಪ್ರಶ್ನೆ. ಕೊನೆಯದು ಬರೀ ನಮಸ್ಕಾರದ ಹಾಗೆ.)

ಅತ್ತೆ: ಮಗು ಮಲಗಿತ್ತು, ಎದ್ದುಬಿಟ್ಟಿತು. ಮೂರನೆಯದು ಚೆನ್ನಾಗಿತ್ತು.

ಚಿಕ್ಕಮ್ಮ: ಕೋಟಿಗೆ ಹೇಳಿದ್ದು ಯಾವುದು?

ಪುಟ್ಟ: ಮೊದಲನೆಯದು ಚಿಕ್ಕಮ್ಮ, ಆಣೆ!

ನಾನು: ತಮಾಷೆ ನೋಡಿ. 1883ರ ಅರ್ಥ ಹಿಡಿದರೂ ಕೋಟು ಹಾಕಿದವರಿಗೆ ಸರಿಯಾಗಿ ಕೂತಿದೆ.

ಅಕ್ಕ: ನೀನು ಸುಮ್ಮನಿರು.

ದೊಡ್ಡಪ್ಪ: [ಧ್ವನಿ ಸಂದೇಶ, 0:02]

(ಕೇಳಿದೆವು. ಒಂದು ಕೆಮ್ಮು ಮಾತ್ರ ಇತ್ತು.)

ಅತ್ತೆ: ಅಣ್ಣ, ಇದು ಎಷ್ಟನೆಯದು?

ದೊಡ್ಡಪ್ಪ: ಬಟನ್ ಬೇಗ ಬಿಟ್ಟೆ. ಇರಿ, ಇನ್ನೊಂದು ಸಲ.