ಕಾಫಿ ಮೊಗ್ಗು ಅರಳಿಸುವ ಹೂ ಮಳೆ ಬರುತ್ತೆ ಅಂತ ಹವಾಮಾನದ ಕಂಪ್ಯೂಟರ್ ಮಾಡೆಲ್ ತೋರಿಸಿದರೆ ಸ್ಪ್ರಿಂಕ್ಲರ್ ನಿಲ್ಲಿಸಬಹುದಾ?

ಮೂಡಿಗೆರೆ_ರೊಬಸ್ಟಾ:
ಐದು ದಿನದಿಂದ ಫೋನಿನಲ್ಲಿ ಶುಕ್ರವಾರ 28 ಮಿ.ಮೀ. ಮಳೆ ಅಂತ ತೋರಿಸುತ್ತಿತ್ತು. ಅಂದರೆ ಒಂದು ಇಂಚು ಹತ್ತು ಸೆಂಟ್ (ನೂರು ಸೆಂಟ್‌ಗೆ ಒಂದು ಇಂಚು), ಹೂವಿಗೆ ಸಾಕು. ಅದನ್ನೇ ನಂಬಿ ಸ್ಪ್ರಿಂಕ್ಲರ್ ಶುರು ಮಾಡಲಿಲ್ಲ. ಬಿದ್ದಿದ್ದು 35 ಸೆಂಟ್. ಮೂರು ಕಿಲೋಮೀಟರ್ ಆಚೆ ಮಾವನ ತೋಟಕ್ಕೆ 120 ಸೆಂಟ್! ಮಾರ್ಚ್‌ನಲ್ಲೂ ಮನಾಲಿ ಕಡೆ ಹಿಮ ಬೀಳುತ್ತೆ ಅಂತ ನಾಲ್ಕು ದಿನ ಮುಂಚೆ ಹೇಳುತ್ತಾರೆ, ಬೀಳುತ್ತೆ. ನಮ್ಮ ಮಳೆಗೆ ಮಾತ್ರ ಯಾಕೆ ಹೀಗೆ?

ಹಾಸನದ_ಮೋಡ:
ಅಣ್ಣ, ಎರಡೂ ಬೇರೆ ಜಾತಿಯ ಮಳೆ. ಹಿಮಾಲಯಕ್ಕೆ ಹಿಮ ತರುವ ಪಶ್ಚಿಮದ ಅಡಚಣೆ ಅನ್ನೋ ಮೋಡ-ಗಾಳಿಯ ವ್ಯವಸ್ಥೆ ನೂರಾರು ಕಿಲೋಮೀಟರ್ ಅಗಲ ಇರುತ್ತೆ, ಮೆಡಿಟರೇನಿಯನ್ ಕಡೆಯಿಂದ ಇರಾನ್, ಅಫ್ಘಾನಿಸ್ತಾನ ದಾಟಿ ಬರುವುದರಿಂದ ಮಾಡೆಲ್‌ಗೆ ದೂರದಿಂದಲೇ ಸಿಗುತ್ತೆ. ಅಲ್ಲೂ ಸೀಸನ್ ಕೊನೆಯಲ್ಲಿ ತೊಂದರೆ ಇದೆ. 10 ಮಿ.ಮೀ. ನೀರು ಸುಮಾರು 10 ಸೆಂ.ಮೀ. ಹಿಮ ಆಗಬೇಕು, ಆದರೆ ತಾಪಮಾನದ ಲೆಕ್ಕ ಒಂದೆರಡು ಡಿಗ್ರಿ ತಪ್ಪಿದರೆ ಶಿಮ್ಲಾದಂಥ ಊರಲ್ಲಿ ಹಿಮದ ಬದಲು ಬರೀ ಮಳೆ.

ನಮ್ಮದು ಮಧ್ಯಾಹ್ನದ ಕಾವಿಗೆ ಏಳುವ ಗುಡುಗು ಮಳೆ. ಸಮುದ್ರದ ಕಡೆಯ ತೇವದ ಗಾಳಿ ಘಟ್ಟ ಹತ್ತಿ ಪೂರ್ವದ ಒಣ ಗಾಳಿಗೆ ಸಿಕ್ಕಿದ ಜಾಗದಲ್ಲಿ ಮೋಡ ಏಳುತ್ತೆ. ಒಂದು ಮೋಡದ ಅಗಲ ನಾಲ್ಕೈದು ಕಿಲೋಮೀಟರ್. ಮಾಡೆಲ್ ನೆಲವನ್ನು ಚೌಕ ಚೌಕ ಮಾಡಿ ಒಂದೊಂದು ಚೌಕಕ್ಕೂ ಒಂದೇ ಲೆಕ್ಕ ಹಾಕುತ್ತೆ. ಅಮೆರಿಕದ ಜಿಎಫ್‌ಎಸ್ ಮಾಡೆಲ್‌ನ ಒಂದು ಚೌಕ 13 ಕಿ.ಮೀ., ಯುರೋಪಿನ ಮಾಡೆಲ್‌ದು 9. ಇಡೀ ಮೋಡವೇ ಚೌಕದೊಳಗೆ ಕಳೆದುಹೋಗುತ್ತೆ. 1,900 ಮೀಟರ್ ದಾಟಿದ ಮುಳ್ಳಯ್ಯನಗಿರಿಯೂ ಅದರಲ್ಲಿ ತಗ್ಗಿಹೋಗಿರುತ್ತೆ. 28 ಅನ್ನೋದು ಇಡೀ ಚೌಕದ ಲೆಕ್ಕ, ನಿಮ್ಮ ತೋಟದ್ದೇ ಅಲ್ಲ.

ಆಲ್ದೂರು_ತೋಟದವಳು:
ಹಾಗಾದರೆ ನೋಡಿ ಏನು ಪ್ರಯೋಜನ? ನಾನು ಮೋಡ ನೋಡಿ ನಿಲ್ಲಿಸುವುದೇ ಇಲ್ಲ. ಕೆರೆಯಲ್ಲಿ ನೀರಿದ್ದು ಮೊಗ್ಗು ಬಲಿತಿದ್ದರೆ ಪೈಪ್ ಎಳೆಸುತ್ತೇನೆ. ಡೀಸೆಲ್ ಹೋದರೆ ಹೋಗಲಿ, ಒಂದು ವರ್ಷದ ಫಸಲು ಹೋದರೆ ಯಾರು ಕೊಡುತ್ತಾರೆ?

ಸಕಲೇಶಪುರ_ಎರಡೆಕರೆ:
ಅಕ್ಕ, ಕೆರೆ ಇದ್ದವರ ಮಾತು ಅದು. ನಮಗೆ ಬೇಸಿಗೆಯಲ್ಲಿ ಕುಡಿಯೋಕೇ ನೀರು ಕಷ್ಟ, ಪಕ್ಕದವರ ಹತ್ತಿರ ಒಂದು ಸಲಕ್ಕೆ ಕೇಳಬಹುದು ಅಷ್ಟೇ. ಆ ಒಂದು ಸಲ ಯಾವಾಗ ಅಂತ ತಿಳಿಯೋಕೆ ನನಗೆ ಮುನ್ಸೂಚನೆ ಬೇಕೇ ಬೇಕು. ಕಣದಲ್ಲಿ ಇನ್ನೂ ಕಾಫಿ ಒಣಗುತ್ತಿದೆ, ಅದಕ್ಕೆ ಟಾರ್ಪಾಲ್ ಹೊದಿಸೋದೂ ಅದನ್ನು ನೋಡಿಯೇ.

ಹಾಸನದ_ಮೋಡ:
ನಿಮಗೇ ಇದು ಜಾಸ್ತಿ ಬೇಕು. ಒಂದೇ ಅಂಕಿ ನೋಡಬೇಡಿ. ಯುರೋಪಿನ ಹವಾಮಾನ ಕೇಂದ್ರ ಶುರುವಿನ ಹವೆಯ ಸ್ಥಿತಿಯನ್ನು ಚೂರು ಚೂರು ಬದಲಿಸಿ 51 ಸಲ ಲೆಕ್ಕ ಹಾಕುತ್ತೆ. 51ರಲ್ಲಿ ನಲವತ್ತು ಮಳೆ ತೋರಿಸಿದರೆ ಎರಡು ದಿನ ಕಾಯಬಹುದು. ಹತ್ತೇ ತೋರಿಸಿದರೆ, ಅಂಕಿ ಎಷ್ಟೇ ದೊಡ್ಡದಿರಲಿ, ಅದರ ಮೇಲೆ ಫಸಲು ಇಡಬೇಡಿ. ಆ ದಿನ ಮಧ್ಯಾಹ್ನ ಮಾಡೆಲ್ ಬಿಟ್ಟು ಇನ್ಸಾಟ್ ಉಪಗ್ರಹದ ಮೋಡದ ಚಿತ್ರ ನೋಡಿ.

ಆಲ್ದೂರು_ತೋಟದವಳು:
ಕಾಯೋದಕ್ಕೆ ನಾನು ಈಗಲೂ ಒಪ್ಪಲ್ಲ. ಆದರೆ ಮೂಡಿಗೆರೆಯವರೇ, ನಿಮ್ಮ 35 ಸೆಂಟೇ ಅಪಾಯ. ಏನೂ ಬೀಳದಿದ್ದರೆ ಮೊಗ್ಗು ಹಾಗೇ ಮಲಗಿರುತ್ತಿತ್ತು. ಈಗ ಅರ್ಧ ಎದ್ದಿದೆ. ನೀರು ಸಾಲದಿದ್ದರೆ ಕೆಂಪಗೆ ತಿರುಗಿ ಅರಳದೆ ಒಣಗುತ್ತೆ. ಉಳಿದ ನೀರು ತಡ ಮಾಡದೆ ಕೊಡಿ. ನೆರಳು ಕಡಿಮೆ ಇರುವ ಕಡೆಯಿಂದ ಶುರು ಮಾಡಿ.

ಮೂಡಿಗೆರೆ_ರೊಬಸ್ಟಾ:
ಇವತ್ತು ಬೆಳಿಗ್ಗೆ ಗಿಡ ಬಗ್ಗಿಸಿ ನೋಡಿದೆ ಅಕ್ಕ. ಗಿಣ್ಣಿನಲ್ಲಿ ಮೊಗ್ಗು ಹಸಿರು ಬಿಟ್ಟು ಬಿಳಿಗೆ ತಿರುಗಿದೆ, ತುದಿ ಮಾತ್ರ ಸ್ವಲ್ಪ ಕೆಂಪು. ಮಣ್ಣು ಕೆದಕಿದರೆ ಎರಡು ಬೆರಳು ಕೆಳಗೆ ಪುಡಿ ಪುಡಿ, ಒಣಕಲು. ಸಂಜೆ ಆರಕ್ಕೆ ಪಂಪ್ ಹಾಕಿದ್ದೇವೆ, ರಾತ್ರಿಯೆಲ್ಲಾ ಓಡಿಸುತ್ತೇವೆ.

ಮೋಡ ಅಣ್ಣ, ಎಂಟರಿಂದ ಹತ್ತು ದಿನದೊಳಗೆ ಅರಳುತ್ತೆ. ಅರಳಿದ ದಿನ ಮಳೆ ಹೊಡೆದರೆ ಪರಾಗ ತೊಳೆದುಹೋಗುತ್ತೆ, ರೊಬಸ್ಟಾಕ್ಕೆ ಬೇರೆ ಗಿಡದ ಪರಾಗವೇ ಬೇಕು. ಆ ಮೂರು ದಿನಕ್ಕೆ 51ರಲ್ಲಿ ಎಷ್ಟು ಮಳೆ ತೋರಿಸುತ್ತಿವೆ ಅಂತ ದಿನಾ ಇಲ್ಲಿ ಹಾಕುತ್ತೀರಾ?

ಹಾಸನದ_ಮೋಡ:
ಹಾಕುತ್ತೇನೆ. ಅಷ್ಟು ದೂರದ್ದು ಈಗ ನಂಬಬೇಡಿ, ಆರನೇ ದಿನದಿಂದ ನೋಡೋಣ.