ಹತ್ತು ದಿನಕ್ಕ ಹತ್ತು ಭಾಷೆ

‘ಮನಿ ಮಂದಿ’ ಗುಂಪು, ಭಾನುವಾರ ಸಂಜಿ

ದೊಡ್ಡಕಾಕಾ, ಸೇಡಂ (6:12): *ಪಾಲಕರ ಗಮನಕ್ಕೆ!! ಶಾಲಾ ಮಕ್ಕಳ ಭಾಷಾವಿಜ್ಞಾನ ಒಲಿಂಪಿಯಾಡ್ ತಂಡಕ್ಕೆ ಕಲಬುರಗಿಯಲ್ಲಿ ವಸತಿ ಶಿಬಿರ. 10 ದಿನದಲ್ಲಿ ಮಕ್ಕಳು 10 ವಿದೇಶಿ ಭಾಷೆ ಸರಾಗವಾಗಿ ಮಾತಾಡುತ್ತಾರೆ. ಜಗತ್ತಿನಲ್ಲೇ ಮೊದಲು ಈ ಸ್ಪರ್ಧೆ ನಡೆದದ್ದು ನಮ್ಮ ಮೈಸೂರಿನಲ್ಲಿ. ಎಲ್ಲ ಗುಂಪಿಗೂ ಕಳಿಸಿ.*

ದೊಡ್ಡಕಾಕಾ, ಸೇಡಂ: ಓದ್ರಿ ಎಲ್ಲಾರೂ. ಒತ್ತಕ್ಷರ ನೆಟ್ಟಗ ಬರಿಲಾಕ ಬರಂಗಿಲ್ಲ ಈಗಿನ ಹುಡುಗರಿಗಿ, ಹತ್ತು ಭಾಷೆ ಕಲಿಸ್ತಾರಂತ. ಆಳಂದದ ಹುಡುಗಿನ್ನ ಕಳಿಸಬ್ಯಾಡ್ರಿ ಅಂತ ನಾ ಆವಾಗೇ ಹೇಳಿದ್ದೆ.

ಕಾಕಿ, ಆಳಂದ: ಹೆಸರು ಕೊಟ್ಟು ಆಗ್ಯದ ಭಾವಾ. ಹತ್ತು ದಿನ ಅಲ್ಲ, ಆರು ದಿನ.

ಅಣ್ಣ, ಬೀದರ (6:20): ಇದು ಎಲ್ಲಿಂದ ಬಂತು ಕಾಕಾ? ಬರದವರ ಹೆಸರಿಲ್ಲ, ತಾರೀಖಿಲ್ಲ. ಅಂತರರಾಷ್ಟ್ರೀಯ ಭಾಷಾವಿಜ್ಞಾನ ಒಲಿಂಪಿಯಾಡ್ ಮೊದಲು ಆಗಿದ್ದು 2003ರಾಗ, ಬಲ್ಗೇರಿಯಾದ ಬೊರೊವೆಟ್ಸ್‌ದಾಗ. ಮೈಸೂರಾಗ ಆಗಿದ್ದು 2016ರಾಗ, ಅದು 14ನೇದು. ಅದಕ್ಕಿಂತ ಭಾಳ ಮೊದಲು, 1965ರಾಗೇ, ಮಾಸ್ಕೋದಾಗ ಶಾಲಿ ಹುಡುಗರಿಗಿ ಇಂಥಾ ಸ್ಪರ್ಧೆ ಸುರು ಆಗಿತ್ತು.

ದೊಡ್ಡಕಾಕಾ, ಸೇಡಂ: ಹಿರಿಯರು ಒಂದ್ ಮಾತು ಹಾಕಿದ್ರ ಸಾಕು, ತಪ್ಪು ತಗಿಲಾಕ ತಯಾರಾಗಿ ಕುಂತಿರ್ತಿ. ಗೃಹಪ್ರವೇಶಕ್ಕ ಬರಲಿಕ್ಕಿ ನಿನಗ ಪುರಸತ್ತು ಇದ್ದಿಲ್ಲ.

ಅಣ್ಣ, ಬೀದರ: ಅದನ್ನ ಈಗ ಯಾಕ ತಗೀತೀರಿ? ಮೈಸೂರು ಮೊದಲು ಅಂಬೂದು ಖರೇನ ಸುಳ್ಳ, ಇಷ್ಟೇ ಕೇಳ್ಲತ್ತೀನಿ.

ಕಾಕಿ, ಆಳಂದ: ನಾನೂ ಒಂದು ಕೇಳ್ತೀನಿ. ನಿಮ್ಮ ಮಗನ್ನ ಎರಡು ವರ್ಷ ಕೋಟಾದಾಗ ಕೋಚಿಂಗಿಗಿ ಇಟ್ರಿ. ಆವಾಗ ಈ ಗುಂಪಿನಾಗ ಯಾರೂ ಸೊಲ್ಲೆತ್ತಲಿಲ್ಲ. ನನ್ನ ಮಗಳು ಆರು ದಿನ ಹೊಂಟ್ರ ಎಲ್ಲಾರಿಗೂ ಕಾಳಜಿ.

(ಎರಡು ಸಂದೇಶ ಅಳಿಸಲಾಗಿದೆ)

ಅಕ್ಕ, ಯಾದಗಿರಿ (6:41): ಶಿಬಿರದಾಗ ಏನ್ ಮಾಡಸ್ತಾರ ಅಂತ ಯಾರೂ ಕೇಳಲೇ ಇಲ್ಲ. ಮಾತಾಡ್ಲಾಕ ಯಾವ ಭಾಷೆನೂ ಕಲಿಸಂಗಿಲ್ಲ. ಹುಡುಗರಿಗಿ ಗೊತ್ತೇ ಇಲ್ಲದ ಭಾಷೆದು ನಾಕೈದು ಸಾಲು, ಅರ್ಥದ ಸಮೇತ ಕೊಡ್ತಾರ. ಅದರಾಗಿನ ನಿಯಮ ಅವರೇ ಹುಡುಕಬೇಕು. ಆಫ್ರಿಕಾದ ಸ್ವಾಹಿಲಿ ಭಾಷೆದು ನೋಡ್ರಿ:

ನಿನಸೋಮ – ನಾ ಈಗ ಓದ್ತೀನಿ
ನಿಲಿಸೋಮ – ನಾ ನಿನ್ನೆ ಓದಿದೆ
ಅನಸೋಮ – ಅಂವ ಈಗ ಓದ್ತಾನ
ಅತಸೋಮ – ಆಕಿ ನಾಳೆ ಓದ್ತಾಳ
ನಿತಸೋಮ – ನಾ ನಾಳೆ ಓದ್ತೀನಿ

‘ಅಂವ ನಿನ್ನೆ ಓದಿದ’ ಏನಾಗ್ತದ?

ಕನ್ನಡದ ಹುಡುಗರು ಮೊದಲು ಎಡವೂದು ‘ನಿನ’ದಾಗ, ಅದು ‘ನಿನ್ನ’ ಇದ್ದಂಗ ಕೇಳಸ್ತದಲ್ಲ. ಆಮ್ಯಾಲ ‘ನಾನು’ ಅಂಬೂದನ್ನ ಕ್ರಿಯಾಪದದ ಬಾಲಕ್ಕ ಹುಡುಕ್ತಾರ, ಯಾಕಂದ್ರ ನಮ್ಮಲ್ಲಿ ಓದ್ತೀನಿ, ಓದ್ತಾನ ಅಂತ ಕಡೀಕಿ ಬರ್ತದ. ಸ್ವಾಹಿಲಿಯೊಳಗ ಅದು ತಲಿಗಿ ಅದ: ನಿ ಅಂದ್ರ ನಾನು, ಅ ಅಂದ್ರ ಅಂವನೂ ಹೌದು, ಆಕಿನೂ ಹೌದು. ನಡುವ ಕಾಲ: ನ ಈಗ, ಲಿ ಹಿಂದ, ತ ಮುಂದ. ಉತ್ತರ ಅಲಿಸೋಮ.

ಐದನೇ ಸಾಲು ತಗದು ನೋಡ್ರಿ. ‘ನ ಗಂಡು, ತ ಹೆಣ್ಣು’ ಅಂತ ಹುಡುಗ ಬರದ್ರ ಬೈಲಾಕ ಬರಂಗಿಲ್ಲ. ‘ತ’ ನಾನು ಅಂಬೂದರ ಜೋಡಿನೂ ಬರ್ತದ ಅಂತ ತೋರ್ಸೂದು ಅದೊಂದೇ ಸಾಲು. ಅದನ್ನ ಬಿಟ್ಟು ಪ್ರಶ್ನೆ ಮಾಡಿದ್ರ ತಪ್ಪು ಮಾಡಿದವರದು. ಇನ್ನ ಕನ್ನಡದಾಗ ಪ್ರಶ್ನೆ ಇಳಸೂವಾಗ ‘ಈಗ’, ‘ನಾಳೆ’ ಹಾಕಲೇಬೇಕು. ನಾವು ಎರಡಕ್ಕೂ ‘ಓದ್ತೀನಿ’ನೇ ಅಂತೀವಿ, ನ-ತ ಫರಕು ಅಲ್ಲೇ ಮುಚ್ಚಿಹೋಗ್ತದ.

ದೊಡ್ಡಕಾಕಾ, ಸೇಡಂ: ಇದರಿಂದ ಕನ್ನಡಕ್ಕ ಏನ್ ಬಂತು? ಮಾನ್ಯಖೇಟ ನಮ್ಮ ತಾಲೂಕಿನಾಗ ಅದ, ಅಮೋಘವರ್ಷ ಆಳಿದ ನೆಲ. ಅದನ್ನ ಬಿಟ್ಟು ಆಫ್ರಿಕಾದ್ದು ಯಾಕ?

ಅಕ್ಕ, ಯಾದಗಿರಿ: ಓದ್ತೀನಿ ಅಂಬೂದು ಓದು-ತ್-ಈನಿ ಅಂತ ಬಿಚ್ಚಿ ನೋಡೂದು ಆಕಿ ಕಲಿಯೂದೇ ಅಲ್ಲಿ ಕಾಕಾ. ಮನಿ ಮಾತಿನಾಗೂ ನಿಯಮ ಅದ ಅಂತ ಸ್ವಾಹಿಲಿ ಪಕ್ಕಕ್ಕಿಟ್ಟಾಗೇ ಕಾಣೂದು.

ಅಣ್ಣ, ಬೀದರ: ಲೆಕ್ಕದ್ದೂ ಇರ್ತಾವ. ಯುರೋಪಿನ ಬಾಸ್ಕ್ ಭಾಷೆದಾಗ ಹೊಗೆಯ್ 20, ಹೊಗೆಯ್ತ ಹಮರ್ 30, ಬೆರ್ರೊಗೆಯ್ 40, ಬೆರ್ರೊಗೆಯ್ತ ಹಮರ್ 50, ಹಿರುರೊಗೆಯ್ 60. 70 ಏನು? ಮೊದಲ ಎರಡೇ ನೋಡಿ ‘ಹಮರ್ ಅಂದ್ರ 30’ ಅಂತ ನಿಂತವರು 50ಕ್ಕ ಸಿಕ್ಕೊಂಡು ಬೀಳ್ತಾರ. ಹಮರ್ 10. ಲೆಕ್ಕ ಇಪ್ಪತ್ತಿಪ್ಪತ್ತರದು. 70 ಅಂದ್ರ ಹಿರುರೊಗೆಯ್ತ ಹಮರ್, ಮೂರಿಪ್ಪತ್ತು ಮತ್ತ ಹತ್ತು.

ಮಾಮಾ, ಶಹಾಪುರ (7:03): ಅರೆ, ಇದು ನಮ್ಮ ಕೋಡಿ ಲೆಕ್ಕ! ಒಂದು ಕೋಡಿ ಅಂದ್ರ 20. ಅಜ್ಜ ಶಹಾಬಜಾರದಾಗ ಧೋತರ ಕೋಡಿ ಲೆಕ್ಕದಾಗೇ ಮಾತಾಡ್ತಿದ್ದ. ಅಂಗಡಿಯಂವ ದಖನಿಯೊಳಗ ‘ನಕ್ಕೋ’ ಅಂದ್ರ ಅಜ್ಜ ಕನ್ನಡದಾಗ ‘ಒಲ್ಲೆ’ ಅಂತಿದ್ದ. ಆ ಕಟ್ಟಿಗಿ ಗಲ್ಲಾ ಪೆಟ್ಟಿಗಿ ಈಗ ಯಾರ ಮನ್ಯಾಗ ಅದ?

ದೊಡ್ಡಕಾಕಾ, ಸೇಡಂ: ನಮ್ಮ ಮನ್ಯಾಗ. ನಿಮ್ಮವ್ವ ತಾನಾಗೇ ಕೊಟ್ಟದ್ದು.

ಮಾಮಾ, ಶಹಾಪುರ: ಅವ್ವ ಕೊಟ್ಟದ್ದು ನೋಡ್ಲಾಕ, ಇಟ್ಕೊಳ್ಲಾಕ ಅಲ್ಲ.

ಕಾಕಿ, ಆಳಂದ: ಪೆಟ್ಟಿಗಿ ಮಾತು ಆಮ್ಯಾಲ ಮಾಡ್ರಿ. ಏಪ್ರಿಲ್‌ನಾಗ ಕಲಬುರಗಿ ಬಿಸಲು 40 ದಾಟ್ತದ. ಆರು ದಿನ ಇವರು ಹುಡುಗರಿಗಿ ಹೆಂಗ ಕುಂದರಸ್ತಾರ?

ಅಕ್ಕ, ಯಾದಗಿರಿ (7:19): ಇದು ಕೇಳಬೇಕಾದ ಮಾತು. ಬರಿಯೂ ಕೆಲಸ ಮುಂಜಾನಿ 6:30ರಿಂದ 9:30ರ ತನಕ ಮುಗಸ್ಬೇಕು. ನಾಷ್ಟಾ ಆದಮ್ಯಾಲ 12:30ರ ತನಕ ಉತ್ತರ ಬಿಡಸಿ ಹೇಳೂದು. ಮಧ್ಯಾಹ್ನ ಮಲಗಸ್ಬೇಕು, ಆ ಹೊತ್ತಿನಾಗ ಪ್ರಶ್ನೆ ಕೊಟ್ರ ತಲಿ ಓಡಂಗಿಲ್ಲ. 4:30ಕ್ಕ ಗುಂಪಿನ ಕೆಲಸ. ಮೊದಲ ದಿನ ಒಂದೇ ಪ್ರಶ್ನೆ, 60 ನಿಮಿಷ. ಮೂರನೇ ದಿನಕ್ಕ ಮೂರು ಪ್ರಶ್ನೆ, ಮೂರು ತಾಸು. ಪೂರಾ ಅಳತಿದು, ಅಂದ್ರ ಅಂತರರಾಷ್ಟ್ರೀಯ ಒಲಿಂಪಿಯಾಡದಾಗ ಇದ್ದಂಗ 5 ಪ್ರಶ್ನೆ 6 ತಾಸು, ಒಂದೇ ಸಲ, ಐದನೇ ದಿನ; ಆವತ್ತೊಂದು ದಿನ ಬರಿಯೂದು 9:30 ದಾಟ್ತದ. ದಿನಾ ಅದನ್ನೇ ಮಾಡಸಿದ್ರ ಹುಡುಗರು ದಣದು ಊಹಾ ಮಾಡ್ಲಾಕ ಸುರು ಮಾಡ್ತಾರ.

ಫ್ಯಾನ್ ಜೋರು ಇಟ್ರ ಹಾಳಿ ಹಾರ್ತಾವ, ಅದಕ್ಕ ಕ್ಲಿಪ್ ಇರೂ ರಟ್ಟು ಬೇಕು. ಕರೆಂಟ್ ಹೋದ್ರ ಬೆವರ ಕೈಗೆ ಜೆಲ್ ಪೆನ್ನಿನ ಮಸಿ ಹರಡ್ತದ, ಬಾಲ್ ಪೆನ್ನೇ ಇರಲಿ. ಒಂದು ಪ್ರಶ್ನಿಗೊಂದು ಬ್ಯಾರೆ ಹಾಳಿ, ಪ್ರತಿ ಹಾಳಿ ಮ್ಯಾಲೂ ಹೆಸರು, ಪ್ರಶ್ನೆ ನಂಬರು.

ಅಣ್ಣ, ಬೀದರ: ನಿಯಮ ಬರದೇ ಇದ್ರ ಮಾರ್ಕ್ಸ್ ಹೋಗ್ತಾವ ಅಂಬೂದನ್ನೂ ಹೇಳು.

ಅಕ್ಕ, ಯಾದಗಿರಿ: ಹೌದು, ಶಾಣ್ಯಾ ಹುಡುಗರು ಕಳ್ಕೊಳ್ಳೂದು ಅಲ್ಲೇ. ಪ್ರಶ್ನಿಗಿ 20 ಅಂಕ. ಅಲಿಸೋಮ ಅಂತ ಬರೇ ಉತ್ತರ ಬರದ್ರ ಪೂರಾ ಸಿಗಂಗಿಲ್ಲ. ‘ಯಾರು + ಕಾಲ + ಓದು’ ಅಂತ ಕ್ರಮ, ಒಂದೊಂದು ತುಂಡಿನ ಅರ್ಥ, ಎರಡೂ ಬರೀಬೇಕು. ಗುಂಪಿನ ಸುತ್ತಿನಾಗ ನಾಕು ಮಂದಿಗಿ ಒಂದೇ ದೊಡ್ಡ ಪ್ರಶ್ನೆ. ಚುರುಕಿದ್ದಂವ ಪೆನ್ ಹಿಡ್ಕೊಂಡ್ರ ಉಳಿದ ಮೂವರು ನೋಡ್ಕೋತ ಕುಂದರ್ತಾರ, ಅದೇ ದೊಡ್ಡ ರೋಗ. ಮೊದಲ 20 ನಿಮಿಷ ಯಾರೂ ಮಾತಾಡಬಾರದು, ಸಾಲು ಹಂಚ್ಕೊಂಡು ನೋಡ್ಬೇಕು. ಮುಗಿಯೂದು 45 ನಿಮಿಷ ಇರೂವಾಗ ಒಬ್ಬರು ಬರಿಲಾಕ ಕೂಡಬೇಕು, ಅಕ್ಷರ ಚಂದ ಇದ್ದವರು.

ಕಾಕಿ, ಆಳಂದ: ಅಕ್ಷರ ಚಂದ ಅದ ಆಕಿದು.

ಅಕ್ಕ, ಯಾದಗಿರಿ: ಹಂಗಂತ ಆಕಿಗಿ ಆರೂ ದಿನ ಬರಿಲಾಕೇ ಕುಂದರಿಸ್ಯಾರು, ಕೇಳ್ರಿ. ಸರದಿ ಹಚ್ಚಬೇಕು. ಇಲ್ಲಾಂದ್ರ ಆಕಿಗಿ ಹುಡುಕೂದು ರೂಢಿ ಆಗಂಗಿಲ್ಲ.

ದೊಡ್ಡಕಾಕಾ, ಸೇಡಂ (7:48): ಫೋನ್ ಇರ್ತದೇನ್ ಅಲ್ಲಿ?

ಅಕ್ಕ, ಯಾದಗಿರಿ: ಇಲ್ಲ ಕಾಕಾ, ತಗೊಂಡು ಇಡ್ತಾರ. ಅದಕ್ಕೇ ಕೈಗಡಿಯಾರ ಕಟ್ಟಿ ಕಳಿಸ್ರಿ, ಮುಳ್ಳಿಂದು. ಗ್ವಾಡಿ ಗಡಿಯಾರ ಎಲ್ಲಾರಿಗೂ ಕಾಣಂಗಿಲ್ಲ.

ದೊಡ್ಡಕಾಕಾ, ಸೇಡಂ: ನನ್ನದೊಂದು ಅದ. ಸೆಲ್ ಹಾಕಸ್ತೀನಿ.

ಕಾಕಿ, ಆಳಂದ: ಬುಧವಾರ ಬಸ್‌ಸ್ಟ್ಯಾಂಡಿಗಿ ಕೊಟ್ಟು ಕಳಿಸ್ರಿ ಭಾವಾ. ಶೇಂಗಾ ಹೋಳಿಗಿ ಕಟ್ಟಲೇನು ಆಕಿಗಿ, ಬಿಸಲಿಗಿ ಕೆಡ್ತಾವೇನು?

ಅಕ್ಕ, ಯಾದಗಿರಿ: ಕೆಡಂಗಿಲ್ಲ, ಕಟ್ರಿ. ನಾಕು ಮಂದಿಗಿ ಆಗೂವಷ್ಟು.

ಮಾಮಾ, ಶಹಾಪುರ (8:05): ಪೆಟ್ಟಿಗಿದು ಯಾರೂ ಹೇಳಲಿಲ್ಲ.