ಕಪ್ಪು-ಬಿಳುಪಿಗೆ ಕೆಂಪು ಫಿಲ್ಟರ್ ತಗೊಳ್ಳೋದಾ, ಬೇಡ್ವಾ? ಬಳಸಿದವರು ಹೇಳಿ

ಬೆಟಗೇರಿ ಹೊಸಬ:
ನಮಸ್ಕಾರ ರೀ. ಲಕ್ಕುಂಡಿಯ ಗುಡಿಗಳನ್ನು ಕಪ್ಪು-ಬಿಳುಪಿನಲ್ಲಿ ತೆಗೆಯಬೇಕು ಅಂತ ಆಸೆ. ಕ್ಯಾನನ್ ಕ್ಯಾಮೆರಾ, ಜೊತೆಗೆ ಬಂದ 18-55 ಲೆನ್ಸ್, ಅದರ ಬಾಯಿ 58 ಎಂಎಂ. ಆಕಾಶ ಕಪ್ಪಗೆ, ಮೋಡ ಬೆಳ್ಳಗೆ ಬರಬೇಕು. ಗಾಜಿನ ಕೆಂಪು ಫಿಲ್ಟರ್ ಕೊಳ್ಳಲೋ, ಕಂಪ್ಯೂಟರಿನಲ್ಲೇ ಮಾಡಲೋ? ಕೈಯಲ್ಲಿ 2,000 ರೂಪಾಯಿ ಇದೆ.

ಹಳೇ ರೋಲ್, ಹುಬ್ಬಳ್ಳಿ:
ತಮ್ಮಾ, ನಾನು ರೋಲ್ ಕಾಲದವ. ಹಳದಿ, ಕಿತ್ತಳೆ, ಕೆಂಪು ಮೂರೂ ಇವೆ. ಕೆಂಪಿಗೆ ಆಗ 450 ಕೊಟ್ಟಿದ್ದೆ, ಮನೆಯಲ್ಲಿ 200 ಅಂತ ಹೇಳಿದ್ದೆ. ಇವು ನೀಲಿ ಬೆಳಕನ್ನು ತಡೆಯುತ್ತವೆ, ಅದಕ್ಕೇ ಆಕಾಶ ಕಪ್ಪಾಗೋದು. ಹಳದಿ ಒಂದು ಸ್ಟಾಪ್ (ಅಂದರೆ ಅರ್ಧ) ಬೆಳಕು ತಿನ್ನುತ್ತದೆ, ಕೆಂಪು ಮೂರು (ಮೂರು ಸಲ ಅರ್ಧರ್ಧ). ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿಗೆ ಕಿತ್ತಳೆಯೇ ಸಾಕು. ಡಿಜಿಟಲ್‌ಗೂ ಅದನ್ನೇ ಹಾಕುತ್ತೇನೆ. ಪರದೆಯಲ್ಲಿ ಮೊನೊಕ್ರೋಮ್ (ಕಪ್ಪು-ಬಿಳುಪು) ಇಟ್ಟುಕೊಂಡರೆ ಕಣ್ಣೆದುರೇ ಆಕಾಶ ಕಪ್ಪಗೆ ಇಳಿಯುತ್ತದೆ. ಆ ಖುಷಿ ಮೌಸ್ ಹಿಡಿದು ಕೂತವರಿಗೆ ಎಲ್ಲಿಂದ ಬರಬೇಕು? ಒಂದು ಮಾತು, ಮಳೆಗಾಲದಲ್ಲಿ ಹೊರಗೆ ತೆಗೆಯಲೇಬೇಡ. ಬೂದು ಮೋಡದಲ್ಲಿ ನೀಲಿಯೇ ಇಲ್ಲ, ಫಿಲ್ಟರ್ ಏನನ್ನು ತಡೆಯಬೇಕು? ದಸರಾ ಮುಗಿಯಲಿ.

ಸುಟ್ಟ ಕೈ, ಧಾರವಾಡ:
ಈ ಕಾಕಾನಂಥವರ ಮಾತು ಕೇಳಿಯೇ ನನ್ನ ದುಡ್ಡು ಹೋಗಿದ್ದು. ಲೆಕ್ಕ ಬರೆದಿಟ್ಟಿದ್ದೇನೆ, ನೋಡಿ. 77 ಎಂಎಂ ಕೆಂಪು ಫಿಲ್ಟರ್ 2,850. ಸಣ್ಣ ಲೆನ್ಸಿಗೂ ಆಗಲಿ ಅಂತ ಸ್ಟೆಪ್-ಅಪ್ ರಿಂಗ್ 380. ಕೊರಿಯರ್ 90. ರಿಂಗ್ ಮೊದಲ ದಿನವೇ ಲೆನ್ಸಿನ ಬಾಯಿಗೆ ಕಚ್ಚಿಕೊಂಡಿತು. ರಬ್ಬರ್ ಬ್ಯಾಂಡ್ ಸುತ್ತಿದೆ, ಫ್ರಿಜ್ಜಿನಲ್ಲಿಟ್ಟೆ, ಊಹೂಂ. ರಿಪೇರಿಯವನು ಗರಗಸ ಹಚ್ಚಿ ತೆಗೆದ. 600 ರೂಪಾಯಿ, ಮೇಲೆ ಲೆನ್ಸಿನ ಅಂಚಿಗೆ ಒಂದು ಗೀರು.

ಇಷ್ಟೆಲ್ಲಾ ಆಗಿ ಬಂದ ಫೋಟೊ? ತುಂಬಾ ಕಾಳುಕಾಳು. ಬಣ್ಣದ ಸೆನ್ಸರಿನಲ್ಲಿ ಅರ್ಧ ಚುಕ್ಕಿ (ಪಿಕ್ಸೆಲ್) ಹಸಿರಿಗೆ, ಕಾಲು ಭಾಗ ನೀಲಿಗೆ, ಕಾಲು ಭಾಗ ಕೆಂಪಿಗೆ. ಕೆಂಪು ಗಾಜು ಮುಂದಿಟ್ಟರೆ ಮುಕ್ಕಾಲು ಪಾಲು ಚುಕ್ಕಿಗಳಿಗೆ ಬೆಳಕೇ ಇಲ್ಲ. 24 ಮೆಗಾಪಿಕ್ಸೆಲ್ ಕ್ಯಾಮೆರಾಕ್ಕೆ ದುಡ್ಡು ಕೊಟ್ಟು 6ರಲ್ಲಿ ತೆಗೆದ ಹಾಗೆ. ಫೋಕಸ್ ಹಿಂದೆ ಮುಂದೆ ಒದ್ದಾಡುತ್ತದೆ. ಹಿಸ್ಟೊಗ್ರಾಮ್ (ಬೆಳಕಿನ ಪ್ರಮಾಣ ತೋರಿಸುವ ನಕ್ಷೆ) ಸರಿ ಇದೆ ಅಂತ ತೋರಿಸುತ್ತದೆ, ಬಣ್ಣ ಬಿಡಿಸಿ ನೋಡಿದರೆ ಕೆಂಪು ಚಾನೆಲ್, ಅಂದರೆ ಕೆಂಪು ಬಣ್ಣದ ಪಾಲು, ಒಂದೇ ಬೆಳಕು ಜಾಸ್ತಿಯಾಗಿ ಸುಟ್ಟುಹೋಗಿರುತ್ತದೆ. ಅಂಗಡಿಯವನು ಇದನ್ನೇನಾದರೂ ಹೇಳಿದನಾ? "ಸರ್, ಕ್ಲಾಸಿಕ್ ಲುಕ್" ಅಂದ, ಅಷ್ಟೇ.

ಹಳೇ ರೋಲ್, ಹುಬ್ಬಳ್ಳಿ:
ಥ್ರೆಡ್ ನೇರ ಕೂಡಿಸಲು ಬರದಿದ್ದರೆ ಗಾಜಿಗೆ ಯಾಕೆ ಬೈಯುತ್ತೀರಿ? ಚುಕ್ಕಿಗಳ ಮೇಲೆ ಬಣ್ಣದ ಜಾಲರಿಯೇ ಇಲ್ಲದ, ಬರೀ ಕಪ್ಪು-ಬಿಳುಪಿನ ಸೆನ್ಸರ್ ಕ್ಯಾಮೆರಾಗಳೂ ಇವೆ. ಲೈಕಾದ್ದು 2012ರಲ್ಲೇ ಬಂತು. ಅವಕ್ಕೆ ಇದೇ ಗಾಜು ಬೇಕು.

ಸುಟ್ಟ ಕೈ, ಧಾರವಾಡ:
ಹೌದು ಕಾಕಾ, ಬೆಟಗೇರಿ ಹುಡುಗ 2,000ಕ್ಕೆ ಅಷ್ಟು ದುಬಾರಿ ಲೈಕಾ ತಗೊಂಡು ಬರುತ್ತಾನೆ.

ಮೆಣಸಿನಕಾಯಿ, ಬ್ಯಾಡಗಿ:
ನಾನು ಬಣ್ಣದ ರಾ ಫೈಲ್ (ಸೆನ್ಸರಿನ ಮೂಲ ಮಾಹಿತಿಯ ಫೈಲು) ತೆಗೆದು ಕಂಪ್ಯೂಟರಿನ ಉಚಿತ ತಂತ್ರಾಂಶ ಡಾರ್ಕ್‌ಟೇಬಲ್‌ನಲ್ಲಿ ಚಾನೆಲ್ ಮಿಕ್ಸ್, ಅಂದರೆ ಕೆಂಪು, ಹಸಿರು, ನೀಲಿಯ ಪಾಲು ಹೆಚ್ಚು-ಕಡಿಮೆ ಮಾಡುವವನು. ಖರ್ಚು ಸೊನ್ನೆ. ಇಲ್ಲಿನ ಮಾರ್ಕೆಟ್‌ನಲ್ಲಿ ಕಾಯಿ ರಾಶಿ ತೆಗೆದಾಗ ಒಂದೇ ಫೈಲಿನಿಂದ ಎರಡು ಪ್ರಿಂಟ್ ಮಾಡಿದೆ. ಕೆಂಪು ಚಾನೆಲ್ ಪೂರ್ತಿ ಎಳೆದರೆ ಇಡೀ ರಾಶಿ ಶೇಂಗಾ ಸಿಪ್ಪೆಯ ಹಾಗೆ ಬೆಳ್ಳಗೆ. ಖಾರದ ಕಾಯಿ ಅಂತ ಹೇಳಿದರೂ ಯಾರೂ ನಂಬುವುದಿಲ್ಲ. ಹಸಿರಿಗೆ ಎಳೆದೆ. ಕಾಯಿ ಕಪ್ಪಾಯಿತು, ಒಂದೊಂದು ಸುಕ್ಕೂ ಎದ್ದು ಬಂತು, ತೊಟ್ಟುಗಳು ಮಾತ್ರ ತಿಳಿಯಾಗಿ ಹೊಳೆದವು. ಗಾಜು ಹಾಕಿದ್ದರೆ ಅಲ್ಲೇ ಒಂದನ್ನು ಆರಿಸಬೇಕಿತ್ತು. ಹಮಾಲರು ಮೂಟೆ ಹೊತ್ತು ಓಡಾಡುತ್ತಿರುವಾಗ ಫಿಲ್ಟರ್ ತಿರುಗಿಸುತ್ತಾ ನಿಂತರೆ ಒದೆ ಬೀಳುತ್ತದೆ.

ಹಳೇ ರೋಲ್, ಹುಬ್ಬಳ್ಳಿ:
ನಿನ್ನ ಆ ಪ್ರಿಂಟ್ ನೋಡಿದ್ದೇನೆ. ಹಿಂದಿನ ಬೇವಿನ ಮರದ ಟೊಂಗೆಗಳ ಸುತ್ತ ಬಿಳಿ ಗೆರೆ, ಆಕಾಶದಲ್ಲಿ ಪಟ್ಟೆಪಟ್ಟೆ. ನೀಲಿಯನ್ನು ತಳಕ್ಕೆ ಒತ್ತಿದರೆ ಹಾಗೇ ಆಗೋದು. ಅದು ಫೋಟೊನಾ?

ಮೆಣಸಿನಕಾಯಿ, ಬ್ಯಾಡಗಿ:
ಅದು ವಾಟ್ಸಾಪ್‌ನಲ್ಲಿ ಕಳಿಸಿದ ಜೆಪೆಗ್, ಕುಗ್ಗಿಸಿದ ಫೈಲು ಕಾಕಾ! ರಾ ಫೈಲಿನಲ್ಲಿ ಸ್ವಲ್ಪ ಸ್ವಲ್ಪ ಎಳೆದರೆ ಪಟ್ಟೆ ಬರೋದಿಲ್ಲ.

ಅಕ್ಷತೆ ಸ್ಟುಡಿಯೊ, ಧಾರವಾಡ:
ನೀವೆಲ್ಲಾ ಕಲ್ಲು, ಕಾಯಿ ತೆಗೆಯುವವರು. ನನಗೆ ಮುಂದೆ ಗಿರಾಕಿ ಇರುತ್ತಾರೆ. ಒಂದು ಮದುವೆಯಲ್ಲಿ ವಧುವಿಗೆ ಹಸಿರು ಇಳಕಲ್ ಸೀರೆ, ಕೆಂಪು ಸೆರಗು. ಅವರಿಗೆ ಹಳೇ ಕಾಲದ ಆಲ್ಬಮ್ ಬೇಕಿತ್ತು. ಕಂಪ್ಯೂಟರಿನಲ್ಲಿ ಸುಮ್ನೆ ಬಣ್ಣ ತೆಗೆದ ಹಾಳೆಯಲ್ಲಿ ಸೀರೆ, ಸೆರಗು ಎರಡೂ ಒಂದೇ ಬೂದು. ಅವರ ಸೋದರತ್ತೆ ಕೇಳಿದರು, "ಏನ್ರೀ, ಸೆರಗು ಎಲ್ಲಿ ಹೋಯ್ತು?" ಕೆಂಪು ಫಿಲ್ಟರ್ ಇದ್ದ ಹಾಳೆಯಲ್ಲಿ ಸೆರಗು ಬಂತು, ಮೊಡವೆ ಕಲೆಯೂ ಹೋಯಿತು, ಆದರೆ ತುಟಿಯೂ ಹೋಯಿತು. ಕುಂಕುಮ ಇಲ್ಲವೇ ಇಲ್ಲ! ಆ ಮನೆಯಲ್ಲಿ ಅದನ್ನು ಅಪಶಕುನ ಅಂದರು. 40 ಹಾಳೆ ಮರುಪ್ರಿಂಟ್, 7,200 ರೂಪಾಯಿ ನನ್ನ ಜೇಬಿನಿಂದ. ಬಾಕಿ ಹಣ ಈಗಲೂ ಕೊಟ್ಟಿಲ್ಲ.

ಸುಟ್ಟ ಕೈ, ಧಾರವಾಡ:
ಮುಂಗಡ ತಗೊಳ್ಳಲಿಲ್ವಾ?

ಅಕ್ಷತೆ ಸ್ಟುಡಿಯೊ, ಧಾರವಾಡ:
ಸಂಬಂಧಿಕರು ರೀ. ಹೇಗೆ ಕೇಳೋದು?

ಬೆಟಗೇರಿ ಹೊಸಬ:
ಎಲ್ಲರಿಗೂ ಧನ್ಯವಾದ. ಆದರೆ ಲಕ್ಕುಂಡಿಯ ಕಲ್ಲಿಗೆ ಏನಾಗುತ್ತದೆ ಅಂತ ಯಾರೂ ಹೇಳಲಿಲ್ಲ.

ಕಪ್ಪತಗುಡ್ಡ ಗಾಳಿ, ಮುಂಡರಗಿ:
ಕಲ್ಲಿಗೆ ಅಂಥದ್ದೇನೂ ಆಗೋದಿಲ್ಲ, ಅದು ಮೊದಲೇ ಬೂದು-ಹಸಿರು. ಆಟ ಇರುವುದು ನೆರಳಿನಲ್ಲಿ. ಕಾಶಿವಿಶ್ವೇಶ್ವರ ಗುಡಿಯ ಬಾಗಿಲವಾಡದ ಸಣ್ಣ ಕೆತ್ತನೆ ಮಧ್ಯಾಹ್ನ ನೆರಳಿಗೆ ಹೋದಾಗ ಅದರ ಮೇಲೆ ಬೀಳುವುದು ನೀಲಿ ಆಕಾಶದ ಬೆಳಕು ಮಾತ್ರ. ಕೆಂಪು ಅದನ್ನೂ ತಡೆಯುತ್ತದೆ. ಬಳ್ಳಿ, ಎಲೆ, ಯಕ್ಷ ಎಲ್ಲಾ ಮಸಿಯಲ್ಲಿ ಮುಳುಗುತ್ತವೆ. ನಾನು ಅಲ್ಲಿ ಹಳದಿಯ ಮಟ್ಟಕ್ಕಿಂತ ಮೇಲೆ ಹೋಗೋದಿಲ್ಲ. ಅದಕ್ಕೂ ದುಡ್ಡು ಬೇಡ. ಕ್ಯಾಮೆರಾದ ಮೊನೊಕ್ರೋಮ್ ಮೆನುವಿನಲ್ಲಿ ಹಳದಿ, ಕಿತ್ತಳೆ, ಕೆಂಪು, ಹಸಿರು ಇರುತ್ತವೆ. ರಾ ಜೊತೆ ಜೆಪೆಗ್ ಇಟ್ಟುಕೊಂಡರೆ ಬಣ್ಣವೂ ಉಳಿಯುತ್ತದೆ. ದುಡ್ಡು ಹಾಕುವುದಿದ್ದರೆ ಹೊಳಪು ತಡೆಯುವ ಫಿಲ್ಟರ್, ಪೋಲರೈಸರ್‌ಗೆ ಹಾಕಿ. ಎಲೆಯ ಮೇಲಿನ, ನೀರಿನ ಮೇಲಿನ ಹೊಳಪು ತೆಗೆಯೋದು ಕಂಪ್ಯೂಟರಿನ ಯಾವ ಸ್ಲೈಡರಿನಿಂದಲೂ ಆಗೋದಿಲ್ಲ. ನನ್ನದು 3,400 ಬಿತ್ತು, ಒಂದು ಪೈಸೆಗೂ ಬೇಜಾರಿಲ್ಲ.

ಸುಟ್ಟ ಕೈ, ಧಾರವಾಡ:
ಅಗಲ ಲೆನ್ಸಿಗೆ ಹಾಕಿ ನೋಡಿ. ಆಕಾಶದ ಅರ್ಧ ಕಪ್ಪು, ಅರ್ಧ ಬಿಳಿ. ಇನ್ನೊಂದು 3,400 ಹೋಯಿತು ಅಂತ ತಿಳ್ಕೊಳ್ಳಿ.

ಕಪ್ಪತಗುಡ್ಡ ಗಾಳಿ, ಮುಂಡರಗಿ:
ನಿಮಗೆ ಯಾವುದು ಸರಿ ಬಂದಿದೆ ಹೇಳಿ ಮೊದಲು.

ಹಳೇ ರೋಲ್, ಹುಬ್ಬಳ್ಳಿ:
ಹುಡುಗಾ, ಸುಮ್ನೆ ಯಾಕೆ ಕೊಳ್ಳುತ್ತೀ? ನನ್ನ ಕಿತ್ತಳೆ 58 ಎಂಎಮ್ಮೇ. ಒಂದು ವಾರ ಇಟ್ಟುಕೊಂಡು ನೋಡು. ಅದು ಸದ್ಯ ಬ್ಯಾಡಗಿಯವನ ಹತ್ತಿರ ಇದೆ. ಮೆಣಸಿನಕಾಯಿ, ಕಳೆದ ದೀಪಾವಳಿಗೆ ಒಯ್ದದ್ದು, ಯಾವಾಗ ಕೊಡುತ್ತೀ?

ಮೆಣಸಿನಕಾಯಿ, ಬ್ಯಾಡಗಿ:
ಕೊಡುತ್ತೇನೆ ಕಾಕಾ. ಅಂಚಿನ ಫಂಗಸ್ ಮಾತ್ರ ನನ್ನ ತಲೆಗೆ ಕಟ್ಟಬೇಡಿ, ನೀವು ಕೊಟ್ಟಾಗಲೇ ಇತ್ತು.